ಒಂಟಿಹಾಸಿನ ಬಂಡೆ

ಹಿರೇಗೊಂದಿಯ ಊರ ಹೊರಗೆ, ಬಸದಿಗೂ ಬಿದ್ದುಹೋದ ಮಠಕ್ಕೂ ನಡುವೆ, ಅಂಗಳದಷ್ಟು ಅಗಲವಾದ ನುಣುಪು ಬಂಡೆಯೊಂದಿದೆ. ಮಠದ ಗೋಡೆಗಳಲ್ಲಿ ಈಗ ಅಳಿಲುಗಳ ಸಂಸಾರ. ಬಂಡೆಗೆ ಒಂಟಿಹಾಸಿನ ಬಂಡೆ ಎಂಬ ಹೆಸರೇಕೆ ಬಂತೆಂದು ಕೇಳಿದರೆ ಊರಿನ ಹಿರಿಯರು ಮೊದಲು ನಿಟ್ಟುಸಿರು ಬಿಡುತ್ತಾರೆ, ಆಮೇಲೆ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಬಸದಿಯೂ ಮಠವೂ ವಿದ್ಯೆಗೆ ಹೆಸರಾಗಿದ್ದವಂತೆ. ದೇವರು ಬೇರೆ, ಪೂಜೆ ಬೇರೆ. ಓಲೆಗರಿಗಳನ್ನು ಕಾಪಾಡುವ ಕೆಲಸ ಮಾತ್ರ ಒಂದೇ. ಗರಿಗೆ ಹುಳ ಹಿಡಿಯದಂತೆ ಸವರುವ ಮಜ್ಜಿಗೆಹುಲ್ಲಿನ ಎಣ್ಣೆ ತೆಗೆಯುವುದು ಬಸದಿಯವರಿಗೆ ಗೊತ್ತಿತ್ತು; ಗರಿಯ ಮೇಲೆ ಅಕ್ಷರ ಕೊರೆಯುವ ಕಂಟ ಹಿಡಿದು ಮುತ್ತಿನಂತೆ ಬರೆಯುವವರು ಮಠದಲ್ಲಿದ್ದರು. ವರ್ಷಕ್ಕೊಮ್ಮೆ, ಚಳಿ ಇಳಿದ ಮೇಲೆ, ಇಬ್ಬರೂ ಬಂಡೆಯ ಮೇಲೆ ಅಕ್ಕಪಕ್ಕ ಹಾಸು ಹಾಸಿ ಗರಿಗಳನ್ನು ಬಿಸಿಲಿಗೆ ಹರಡುತ್ತಿದ್ದರು. ಮಠದ ಗರಿಗೆ ಬಸದಿಯ ಎಣ್ಣೆ, ಬಸದಿಯ ಮುರುಕು ಗರಿಗೆ ಮಠದವರ ಹೊಸ ಬರಹ. ಹೊಸ ಕೃತಿಯ ಒಂದು ಪ್ರತಿ ಅಂದೇ ಪಕ್ಕದ ಮನೆ ಸೇರುತ್ತಿತ್ತು. ಸಂಜೆ ಮೊದಲ ಕಟ್ಟು ಎತ್ತುವ ಮರ್ಯಾದೆ ಒಂದು ವರ್ಷ ಅವರದು, ಮರುವರ್ಷ ಇವರದು.

ಹೀಗೊಂದು ವರ್ಷ ಸರದಿ ಮಠದ್ದಾಗಿತ್ತು. ಮಠದ ಭಂಡಾರ ನೋಡಿಕೊಳ್ಳುತ್ತಿದ್ದ ಅಡವಯ್ಯ, ತೀರಿಕೊಂಡ ತನ್ನ ಗುರು ಬಾಳೆಲ್ಲ ಕೂತು ಕಟ್ಟಿದ ಕಾವ್ಯವನ್ನೂ ಬಸದಿಗೆ ಕೊಡಲು ಅದರ ಪ್ರತಿಯನ್ನೂ ತಂದಿದ್ದ. ಅಷ್ಟರಲ್ಲಿ ಮೋಡ ಕವಿಯಿತು. ಬಸದಿಯ ದೇವರಸ ಗಾಬರಿಯಲ್ಲಿ ತಮ್ಮ ಕಟ್ಟನ್ನೇ ಮೊದಲು ಎತ್ತಿಬಿಟ್ಟ. ಮಳೆಯಂತೂ ಬರಲಿಲ್ಲ. ಅಡವಯ್ಯನಿಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಮಠದ ಮರ್ಯಾದಿ ನಿಮಗ ಇಷ್ಟ ಅಗ್ಗ ಆತೇನು?" ಎಂದವನೇ ಮೂಲ, ಪ್ರತಿ ಎರಡನ್ನೂ ಕಂಕುಳಲ್ಲಿ ಅವುಚಿಕೊಂಡು ಹೊರಟುಹೋದ. ದೇವರಸ ಎಣ್ಣೆಯ ಗಡಿಗೆ ಹಿಡಿದು ಮಠದ ಬಾಗಿಲಿಗೆ ಬಂದರೂ ಅಡವಯ್ಯ ಅಗಳಿ ತೆಗೆಯಲಿಲ್ಲ. ಮರುವರ್ಷ ಬಂಡೆಯ ಮೇಲೆ ಬಸದಿಯದೊಂದೇ ಹಾಸು; ಅದರಾಚೆಯ ವರ್ಷವೂ ಹಾಗೆಯೇ. ನೋಡಿದ ಜನ ಬಂಡೆಗೆ ಆ ಹೆಸರಿಟ್ಟರು.

ಹಟ ಇಳಿಯುವ ಹೊತ್ತಿಗೆ ಅಡವಯ್ಯನ ತಲೆ ನರೆತಿತ್ತು. ಗುರುವಿನ ಪುಣ್ಯಾರಾಧನೆಯಂದು ಕಾವ್ಯ ಓದಿಸೋಣವೆಂದು ಪೆಟ್ಟಿಗೆ ತೆರೆದರೆ, ಎಣ್ಣೆ ಕಾಣದ ಗರಿಗಳೆಲ್ಲ ಹುಳು ತಿಂದು ಹುಡಿಯಾಗಿದ್ದವು. ಮೂಲವೂ ಇಲ್ಲ, ಪ್ರತಿಯೂ ಇಲ್ಲ. ಹುಡಿಯನ್ನು ಶಲ್ಯದಲ್ಲಿ ಕಟ್ಟಿಕೊಂಡು ಬಸದಿಗೆ ಓಡಿದ. ಅದನ್ನು ನೋಡಿ ದೇವರಸನಿಗೂ ಅಳು ತಡೆಯಲಾಗಲಿಲ್ಲವಂತೆ.

"ಆವತ್ತು ಒಂದು ಬಿಟ್ಟು ಹೋಗಿದ್ರ ಅದಾದ್ರೂ ಉಳೀತಿತ್ತಲ್ರೀ, ಅಯ್ಯನವರ" ಎಂದ.

"ಗುರುಗಳನ್ನ ನಾನ ಇನ್ನೊಮ್ಮೆ ಮಣ್ಣು ಮಾಡಿದ್ನಪಾ" ಎಂದು ಅಡವಯ್ಯ ಕುಸಿದು ಕೂತ. ಆ ಕಾವ್ಯದ ಒಂದು ಸಾಲೂ ಇಂದು ಯಾರಿಗೂ ಗೊತ್ತಿಲ್ಲ ಎನ್ನುತ್ತಾರೆ.

ಬಸದಿಯವರು ಈಗಲೂ ವರ್ಷಕ್ಕೊಮ್ಮೆ ಗರಿ ಹರಡುತ್ತಾರೆ. ಎಷ್ಟೇ ಇಕ್ಕಟ್ಟಾದರೂ ಬಂಡೆಯ ಪಡುವಣ ಅರ್ಧಕ್ಕೆ ಹಾಸು ಚಾಚುವುದಿಲ್ಲ. ನೋಡಬಂದವರು ಅಷ್ಟು ಜಾಗ ಖಾಲಿ ಇದೆಯಲ್ಲ ಎಂದರೆ, ಅರ್ಚಕರು ಗರಿಗೆ ಎಣ್ಣೆ ಸವರುತ್ತಲೇ ಹೇಳುತ್ತಾರೆ: "ಅದು ಮಠದವರ ಜಾಗಾ ರೀ."