ಹೂಳೆತ್ತುವ ದಿನದ ಮೀನು

"ಗುರುಗಳೇ, ಹಳ್ಳದ ತುಂಬ ಪ್ಲಾಸ್ಟಿಕ್ಕು ತುಂಬಿಕೊಂಡಿದೆ. ಮಳೆಗಾಲಕ್ಕೆ ಮುಂಚೆ ತೆಗೆಯೋಣ ಬನ್ನಿ ಎಂದರೆ ಒಬ್ಬರೂ ಏಳುವುದಿಲ್ಲ. ಸೀಕರಣೆ ಎಂದರೆ ಮಾತ್ರ ಎಲೆ ಹಾಕಿಕೊಂಡು ಕೂರುತ್ತಾರೆ. ಇಂಥ ಕಾಲದಲ್ಲಿ ಇವರಿಗೆ ನಗುವಾದರೂ ಹೇಗೆ ಬರುತ್ತದೆ?"

ಕೇಳಿದವನು ಶಿಷ್ಯ ಚೆನ್ನವೀರ. ಊಟದ ಪಂಕ್ತಿಯ ನಡುವೆ ನಿಂತು ಕೇಳಿದ. ಉಣ್ಣುತ್ತಿದ್ದವರ ಕೈ ಎಲೆಯ ಮೇಲೇ ನಿಂತಿತು. ಒಂದು ತಿಂಗಳಿಂದ ಇದೇ ರಾಗ ಕೇಳಿ ಗುರುಗಳಿಗೂ ಸಾಕು ಸಾಕಾಗಿತ್ತು.

"ಕೂತುಕೋ ಮಾರಾಯ," ಎಂದರು. "ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ."

ಒಂದೂರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು ಅವನ ಕೆಲಸ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಕೆರೆ ಎಂದರೆ ಪ್ರಾಣ ಬಿಡುತ್ತಿದ್ದ.

ಪ್ರತಿ ಬೇಸಿಗೆ ಮನೆಗೊಂದಾಳು ಬಂದು ಕೆರೆಯ ಹೂಳು ಎತ್ತಬೇಕು ಎಂಬುದು ಆ ಊರಿನ ಕಟ್ಟಳೆ. ಮನೆಗೊಂದಾಳು ಎಂಬುದು ಬರೀ ಬಾಯಿಮಾತು, ಬರುತ್ತಿದ್ದುದು ಮನೆಮಂದಿಯೆಲ್ಲ. ಯಾಕೆಂದರೆ ಅವತ್ತು ಕೆಸರಿನಲ್ಲಿ ಹಿಡಿದ ಮೀನು ಹಿಡಿದವರದೇ. ಮೀನು ತಿನ್ನದವರಿಗೆ ತಾವರೆಗಡ್ಡೆ. ಭಾವಮೈದುನರು ಹುಡುಕಿ ಹುಡುಕಿ ಒಬ್ಬರಿಗೊಬ್ಬರು ಕೆಸರು ಬಳಿಯುತ್ತಿದ್ದರು. ಏರಿಯ ಮೇಲೆ ಒಲೆ ಹೂಡಿ ಸಾರು ಕುದಿಸುತ್ತಿದ್ದರು. ಈ ಗಲಾಟೆಯ ನಡುವೆ ಹೂಳೂ ಖಾಲಿಯಾಗುತ್ತಿತ್ತು.

ಮೇಲಿನ ಗುಡ್ಡದ ಮರ ಕಡಿದ ಮೇಲೆ ಹೂಳು ಹೆಚ್ಚಾಯಿತು. ವರ್ಷದಿಂದ ವರ್ಷಕ್ಕೆ ಕೆರೆ ಕಿರಿದಾಯಿತು. ನೀರುಗಂಟಿಗೆ ಅನ್ನ ಸೇರಲಿಲ್ಲ. ಹೂಳೆತ್ತುವ ದಿನ ಊರಿನವರ ಕೇಕೆ ಕೇಳಿ ಅವನ ಮೈ ಉರಿದುಹೋಯಿತು. ಕೆರೆ ಸಾಯುತ್ತಿದೆ, ಇವರಿಗೆ ಮೀನಿನ ಸಾರು ಬೇಕು. ಸಾವಿನ ಮನೆಯಲ್ಲಿ ಹೋಳಿಗೆ ತಟ್ಟಿದ ಹಾಗಾಯಿತು ಎಂದುಕೊಂಡ. ಮರುವರ್ಷ ಊರಿನ ಹಿರಿಯರನ್ನು ಕಾಡಿ ಬೇಡಿ ಒಪ್ಪಿಸಿ ಡಂಗುರ ಹೊಡೆಸಿದ. ಮೀನು ಹಿಡಿಯಕೂಡದು, ಒಲೆ ಹೂಡಕೂಡದು, ಕೆಸರಾಟ ಕೂಡದು. ಬುಟ್ಟಿ ತನ್ನಿ, ಹೂಳು ಎತ್ತಿ, ಮನೆಗೆ ನಡೆಯಿರಿ.

ಆ ವರ್ಷ ನಿಜವಾಗಿಯೂ ಮನೆಗೊಂದೇ ಆಳು ಬಂತು. ಅದರ ಮುಂದಿನ ವರ್ಷ ಅರ್ಧ ಊರು ಬಂತು, ಬಂದವರೂ ಬಿಸಿಲೇರುವ ಮುಂಚೆ ಸೊಂಟನೋವು ಎಂದು ಜಾಗ ಖಾಲಿ ಮಾಡಿದರು. ಮೂರನೆಯ ವರ್ಷ ಕೆರೆಯಂಗಳಕ್ಕೆ ಇಳಿದವರು ಇಬ್ಬರೇ, ಅವನು ಮತ್ತು ಅವನ ಹೆಂಡತಿ. ಅವಳು ಬಂದದ್ದೂ ಗಂಡನ ಕಾಟ ತಡೆಯಲಾರದೆ. ಅವನು ಅಗೆದು ತುಂಬಿದ, ಅವಳು ಹೊತ್ತು ಸುರಿದಳು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಮಧ್ಯಾಹ್ನಕ್ಕೆ ಅವಳು ಬುಟ್ಟಿ ಕೆಳಗಿಟ್ಟಳು. "ಮದುವೆಯಾದ ಹೊಸದರಲ್ಲಿ ಇಲ್ಲೇ ನನ್ನ ಮುಖಕ್ಕೆ ಕೆಸರು ಬಳಿದು ಓಡಿದ್ದೆ ನೀನು. ಈಗ ನಿನ್ನ ಮುಖ ನೋಡಿದರೆ ಒಲೆ ಮೇಲಿನ ಹಾಲು ಒಡೆಯುತ್ತೆ," ಎಂದು ಮನೆಗೆ ಹೋದಳು.

ಅವನಿಗೆ ದುಃಖವೂ ಬಂತು, ಸಿಟ್ಟೂ ಬಂತು. ಕೆಸರುಗಾಲಿನಲ್ಲೇ ಊರೊಳಗೆ ನಡೆದ. ಮೊದಲ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಹುಣಸೆಹಣ್ಣು ಕುಟ್ಟುತ್ತಿದ್ದಳು.

"ಅಜ್ಜೀ, ನಿಮ್ಮಲ್ಲಿ ಒಬ್ಬರಿಗೂ ಕೆರೆಯ ಚಿಂತೆ ಇಲ್ಲವಾ?" ಎಂದು ಕೇಳಿದ.

"ಯಾಕಿಲ್ಲಪ್ಪ, ಇದೆ," ಎಂದಳು ಅವಳು. "ಚಿಂತೆ ಮಾಡೋದಕ್ಕೆ ಕೆರೆ ತನಕ ಯಾಕೆ ಬರಬೇಕು? ಇಲ್ಲೇ ಕೂತು ಮಾಡ್ತಾ ಇದ್ದೀವಿ."

ಅವನು ಬಂದ ದಾರಿಯಲ್ಲೇ ಹಾಗೇ ಹಿಂದಿರುಗಿದ. ಮಳೆ ಬಂತು. ಹೂಳು ತುಂಬಿದ್ದ ಕೆರೆ ಎರಡೇ ಮಳೆಗೆ ಕೋಡಿ ಬಿದ್ದು, ನಿಲ್ಲಬೇಕಾದ ನೀರೆಲ್ಲ ಹರಿದುಹೋಯಿತು. ಪೈರು ತೆನೆ ಬಿಡುವ ಹೊತ್ತಿಗೆ ಅವನು ತೂಬು ತೆಗೆದರೆ ಬಂದದ್ದು ಒಂದಿಷ್ಟು ರಾಡಿ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚೆನ್ನವೀರನಿಗೆ ಕತೆ ಹಿಡಿಸಲಿಲ್ಲ.

"ಅಂದರೆ ಆ ಊರಿನವರಿಗೆ ಬೇಕಾಗಿದ್ದದ್ದು ಸಂತೋಷ, ಕೆರೆಯಲ್ಲ," ಎಂದ. "ಕೆರೆ ಉಳಿಯಲಿ ಎಂದು ಒದ್ದಾಡಿದವನು ನೀರುಗಂಟಿ ಒಬ್ಬನೇ."

ಗುರುಗಳು ಹಣೆ ಒತ್ತಿಕೊಂಡರು.

"ಆಯಿತು ಮಾರಾಯ, ಯಾರೂ ಸಂತೋಷಪಡಕೂಡದ ಕೆರೆಯನ್ನು ಉಳಿಸಿ ಯಾರಿಗೆ ಕೊಡುತ್ತೀಯ?"