ಅಪ್ಪಣೆ ಸಹಿಸದ ಉಕ್ಕು

"ತಿಂಗಳುಕ್ಕು ಎಂಬ ಮಾಯದ ಉಕ್ಕು ಕರಗಿಸಿ ಕತ್ತಿ ಬಡಿದದ್ದನ್ನು ನಾನು ಈ ಎರಡು ಕಣ್ಣಿಂದ ಕಂಡಿದ್ದೇನೆ ಪ್ರಭು! ಆ ಕತ್ತಿ ಬೀಸಿದರೆ ಮೈಗೆ ಒಂದು ಗೀರೂ ಬೀಳದು. ನೆರಳು ಮಾತ್ರ ಕಡಿದು ನೆಲಕ್ಕೆ ಬೀಳುತ್ತದೆ. ನೆರಳು ಹೋದವನು ಇನ್ನೇನು ಯುದ್ಧ ಮಾಡುತ್ತಾನೆ? ಅದನ್ನೇ ಹುಡುಕುತ್ತಾ ಮನೆಗೆ ಹೋಗುತ್ತಾನೆ!"

ಹೊಗೆಮಲೆಯ ಆಸ್ಥಾನದಲ್ಲಿ ಹೀಗೆ ಕೊಚ್ಚಿಕೊಂಡವನು ಮುದುಕ ಕೆಂಚಾಚಾರಿ. ಅರಮನೆಯ ಬಾಗಿಲುಗಳಿಗೆ ಕೀಲು ಹಾಕುವುದು ಅವನ ಕೆಲಸ, ಸಭೆಯನ್ನು ನಗಿಸುವುದು ಅವನ ಚಟ.

"ನಿನ್ನ ಜೊತೆ ಇನ್ನು ಯಾರು ಕಂಡರು?" ಎಂದು ಮಂತ್ರಿ ಕೇಳಿದ.

"ನಮ್ಮಪ್ಪ, ದೊಡ್ಡಪ್ಪ, ಆಮೇಲೆ ಒಂದು ಕೋಣ. ಮೂವರೂ ಈಗಿಲ್ಲ. ಇದ್ದಿದ್ದರೆ ಕೋಣವೇ ಬಂದು ಸಾಕ್ಷಿ ಹೇಳುತ್ತಿತ್ತು."

"ಕತ್ತಿ ಯಾರಿಗಾಗಿ?"

"ಈ ಪ್ರಭುಗಳ ಅಜ್ಜನವರಿಗೆ! ಒಂದು ದಿನ ಅದು ತನ್ನ ನೆರಳನ್ನೇ ತಾನು ಕಡಿದುಕೊಂಡು ಮಾಯವಾಯಿತು."

ಸಭೆಯೆಲ್ಲ ನಕ್ಕಿತು. ದೊರೆ ಉದ್ದಂಡಮಲ್ಲ ಮಾತ್ರ ನಗಲಿಲ್ಲ.

"ಹಾಗಾದರೆ ನನಗೂ ಒಂದು ಬಡಿದುಕೊಡು. ಅಮಾವಾಸ್ಯೆಯೊಳಗೆ ಕತ್ತಿ ನನ್ನ ಕೈಗೆ ಬರಬೇಕು. ಬರದಿದ್ದರೆ ಕಮ್ಮಾರಗೇರಿಯ ಬೆಂಕಿಯನ್ನೆಲ್ಲ ಆರಿಸಿ, ನಿಮ್ಮೆಲ್ಲರನ್ನೂ ಗಡಿಯಾಚೆ ಅಟ್ಟುತ್ತೇನೆ!"

ಸುದ್ದಿ ಕೆಂಚಾಚಾರಿಗಿಂತ ಮೊದಲೇ ಮನೆ ಮುಟ್ಟಿತ್ತು. ಸೊಸೆ ಕಾಳಮ್ಮ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

"ಏನು ಮಾವಯ್ಯಾ, ಸುಳ್ಳನ್ನು ಗಡಿಯವರೆಗೂ ಎಳೆಯಬೇಕಿತ್ತೇ? ನಾನು ಈ ಮನೆ ಹೊಕ್ಕಾಗಿನಿಂದ ನಮ್ಮ ಕುಲುಮೆ ಒಂದು ದಿನ ತಣ್ಣಗಾಗಿಲ್ಲ. ನಿಮ್ಮ ನಾಲಿಗೆ ಕೇರಿಗೆಲ್ಲ ನೀರು ಸುರಿದುಬಿಟ್ಟಿತಲ್ಲ!"

ಮುದುಕನ ಎದೆಗೆ ಅದು ನಾಟಿತು. ಅವನು ಹೋಗಿ ಜಗಲಿಯ ಮೇಲೆ ಕೂತ. ಎದುರಿನ ಕುಲುಮೆಯಲ್ಲಿ ಒಬ್ಬ ರೈತ ತನ್ನ ನೇಗಿಲಿನ ಗುಳ ಕಾಯಿಸಲು ತಾನೇ ತಿದಿ ಒತ್ತುತ್ತಿದ್ದ. ಆ ಕೇರಿಯ ವಾಡಿಕೆಯೇ ಹಾಗೆ: ಯಾರ ವಸ್ತುವೋ ಅವರೇ ಬೆಂಕಿಗೆ ಗಾಳಿ ಹಾಕಬೇಕು. ಸ್ವಲ್ಪ ಹೊತ್ತು ಅದನ್ನೇ ನೋಡಿದ ಕೆಂಚಾಚಾರಿ ತೊಡೆ ತಟ್ಟಿಕೊಂಡು ಎದ್ದ.

"ಸೊಸೆ, ಒಳ್ಳೆಯದೊಂದು ಕಂಬಳಿ ಒಗೆದಿಡಮ್ಮ. ದೊರೆ ನಮ್ಮ ಮನೆಗೆ ತಿದಿ ಒತ್ತಲು ಬರುತ್ತಾರೆ!"

ಕತ್ತಿ ಬಡಿಯುವುದನ್ನು ನೋಡಲು ಬನ್ನಿ ಎಂದು ಕೆಂಚಾಚಾರಿ ಹೇಳಿಕಳಿಸಿದ್ದ; ಅಮಾವಾಸ್ಯೆಯ ಬೆಳಿಗ್ಗೆ ದೊರೆ ಪರಿವಾರದೊಂದಿಗೆ ಕುಲುಮೆಗೆ ಬಂದ. ಹಿಂದೆ ಪಲ್ಲಕ್ಕಿಯಲ್ಲಿ ಅವನ ಅಜ್ಜಿ, ಮುದಿರಾಣಿ ಚೆಲುವಾಜಮ್ಮ. ತಮಾಷೆ ಎಲ್ಲಿದ್ದರೂ ಆಕೆ ಅಲ್ಲಿ.

"ತಿದಿ ಹಿಡಿಯಿರಿ ಪ್ರಭು."

"ನಾನೇ?"

"ರೈತನಾದರೂ ದೊರೆಯಾದರೂ ಕೇರಿಯ ವಾಡಿಕೆ ಒಂದೇ. ಇನ್ನೊಂದು ಮಾತು. ತಿಂಗಳುಕ್ಕಿಗೆ ಬಲು ಬಿಗುಮಾನ. ಅದು ಕರಗುವ ತನಕ ತಿದಿ ಒತ್ತುವವರು ಯಾರಿಗೂ ಅಪ್ಪಣೆ ಕೊಡಬಾರದು. ಕೊಟ್ಟರೆ, 'ಇವರಿಗೆ ಆಳುಗಳು ಆಗಲೇ ಇದ್ದಾರೆ, ನಾನೇಕೆ?' ಎಂದು ಬರೀ ಕಬ್ಬಿಣವಾಗಿ ಕೂತುಬಿಡುತ್ತದೆ."

"ಇಷ್ಟೇನಾ!" ಎಂದು ದೊರೆ ಕಂಬಳಿಯ ಮೇಲೆ ಕೂತ.

ಸ್ವಲ್ಪ ಒತ್ತುವಷ್ಟರಲ್ಲಿ ಒಂದು ಕಿಡಿ ಹಾರಿ ರೇಷ್ಮೆಗೆ ಬಿತ್ತು.

"ಏಯ್, ಆರಿಸೋ!"

ಕೆಂಚಾಚಾರಿ ಲೋಹ ಕರಗುವ ಮೂಸೆಯೊಳಗೆ ಇಣುಕಿ ಲೊಚಗುಟ್ಟಿದ. "ಹೋಯಿತು ಪ್ರಭು. ಮುನಿಸಿಕೊಂಡಿತು."

ಹೊಸ ಮೂಸೆ ಇಟ್ಟರು. ದೊರೆ ತುಟಿ ಕಚ್ಚಿಕೊಂಡು ಒತ್ತಿದ. ಬೆವರು ಕಣ್ಣಿಗಿಳಿಯಿತು.

"ಒರೆಸೋ, ಕತ್ತೆ!"

"ಹೋಯಿತು."

ಮತ್ತೆ ಹೊಸ ಮೂಸೆ. ಈ ಸಲ ದೊರೆ ತನ್ನ ಉತ್ತರೀಯದಿಂದ ತನ್ನ ಬಾಯನ್ನೇ ಕಟ್ಟಿಕೊಂಡ. ಎಲ್ಲಿತ್ತೋ ಒಂದು ನೊಣ, ಬಂದು ಮೂಗಿನ ಮೇಲೆ ಕೂತಿತು. ದೊರೆ ಮಂತ್ರಿಯ ಕಡೆ ನೋಡಿ ಹುಬ್ಬು ಹಾರಿಸಿದ. ಮಂತ್ರಿ ಓಡಿಬಂದು ನೊಣ ಅಟ್ಟಿದ.

"ಹೋಯಿತು," ಎಂದ ಕೆಂಚಾಚಾರಿ.

ದೊರೆ ಬಟ್ಟೆ ಕಿತ್ತೆಸೆದ. "ನಾನು ತುಟಿ ಬಿಚ್ಚಲೇ ಇಲ್ಲವಲ್ಲೋ!"

"ಹುಬ್ಬಿನಿಂದ ಕೊಟ್ಟರೂ ಅಪ್ಪಣೆಯೇ ಪ್ರಭು. ಉಕ್ಕಿಗೆ ಕಣ್ಣಿದೆ."

"ಈ ಮುದುಕನನ್ನು ಹಿಡಿದು ಕಟ್ಟಿರೋ!"

"ನೋಡಿದಿರಾ, ಇನ್ನೂ ಒಲೆಗೆ ಇಡದ ಮೂಸೆಯೂ ಹೋಯಿತು!"

ಕಟ್ಟಲು ಬಂದ ಭಟ ಮುಸಿಮುಸಿ ನಕ್ಕುಬಿಟ್ಟ. ದೊರೆ ತನ್ನ ಅಂಗೈಯ ಬೊಬ್ಬೆ ನೋಡಿಕೊಂಡು ಸುಸ್ತಾಗಿ ಕೇಳಿದ:

"ಇಂಥ ವಿದ್ಯೆ ಕಳೆದುಹೋದದ್ದು ಹೇಗಯ್ಯಾ? ನಿಮ್ಮ ಕಮ್ಮಾರರು ಮರೆತರೇ?"

"ನಾವೇನೂ ಮರೆಯಲಿಲ್ಲ ಪ್ರಭು. ಇಂಥ ಕತ್ತಿ ಬೇಕೆಂದು ಬರುವವರೆಲ್ಲ ದೊರೆಗಳೇ. ಉಕ್ಕು ಕರಗುವಷ್ಟು ಹೊತ್ತು ಅಪ್ಪಣೆ ಕೊಡದೆ ಕೂರುವ ದೊರೆ ಇದುವರೆಗೆ ಒಬ್ಬರೂ ಸಿಗಲಿಲ್ಲ. ಅಷ್ಟೇ."

ಕಾಳಮ್ಮ ಸೆರಗು ಕಚ್ಚಿಕೊಂಡು ದೊರೆಯ ಮುಖ ನೋಡಿದಳು.

ದೊರೆಯ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಬಾಯಿ ತೆರೆಯಿತು. ನಕ್ಕ ರಭಸಕ್ಕೆ ಕುಲುಮೆಯ ಬೂದಿ ಹಾರಿ ಮಂತ್ರಿಯ ಮೀಸೆ ಬೆಳ್ಳಗಾಯಿತು.

"ಈಗ ಅಪ್ಪಣೆ ಕೊಡಬಹುದೇನಯ್ಯಾ? ಹಾಗಾದರೆ ಕೇಳು. ಈ ಕೇರಿಯ ಬೆಂಕಿ ಎಂದಿಗೂ ಆರಬಾರದು!" ಎಂದು ತನ್ನ ಜರತಾರಿ ಶಾಲನ್ನು ಮುದುಕನ ಹೆಗಲಿಗೆ ಹೊದಿಸಿದ.

ಕೆಂಚಾಚಾರಿ ಶಾಲು ಸರಿಮಾಡಿಕೊಂಡು, ಇನ್ನೊಂದು ಕತೆಗೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಲ್ಲಕ್ಕಿಯ ತೆರೆ ಸರಿಯಿತು.

"ಅಲ್ಲವೋ ಕೆಂಚಾ," ಎಂದರು ಮುದಿರಾಣಿ, "ಅಂಥ ದೊರೆ ಒಬ್ಬರೂ ಸಿಗಲಿಲ್ಲವೆಂದರೆ, ನಮ್ಮ ಯಜಮಾನರಿಗೆ ಕತ್ತಿ ಬಡಿದದ್ದನ್ನು ನೀನು ಕಂಡದ್ದು ಹೇಗೆ? ಅವರು ನಿದ್ದೆಯಲ್ಲೂ ಅಪ್ಪಣೆ ಕೊಡುತ್ತಿದ್ದರು. ಪಕ್ಕದಲ್ಲಿ ಮಲಗಿ ಕೇಳಿದವಳು ನಾನು."

ಕೆಂಚಾಚಾರಿ ಸೊಸೆಯ ಕಡೆ ನೋಡಿದ. ಸೊಸೆ ಸೂರಿನ ಕಡೆ ನೋಡಿದಳು.

"ಆ ದಿನ ಅವರಿಗೆ ಗಂಟಲು ಕಟ್ಟಿತ್ತು ಕಾಣುತ್ತದೆ ತಾಯಿ."

"ಹುಬ್ಬೂ ಕಟ್ಟಿತ್ತೇ?"

ಕೆಂಚಾಚಾರಿ ಜರತಾರಿ ಶಾಲಿನೊಳಗೇ ಒಮ್ಮೆ ಹೆಗಲು ಕುಣಿಸಿ, ತಿದಿಯ ಮೇಲಿನ ಧೂಳು ಒರೆಸತೊಡಗಿದ.