ಹೆಸರಿಲ್ಲದ ಆದೇಶ

ಆಯುಧಪೂಜೆಯ ಮರುದಿನ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ಹಾರಿತು. ವಿಮಾನ ಮೇಲೇರಿದರೂ, ಏರಿಳಿತದ ವೇಗ ತೋರಿಸುವ ಮೀಟರಿನ ಸೂಜಿ ಸೊನ್ನೆಯಲ್ಲೇ ನಿಂತಿತ್ತು. ಪೈಲಟ್ ಕೂಡಲೇ ಹಿಂದಿರುಗಿದರು.

ಕಾರ್ಯದರ್ಶಿ ರುದ್ರಮೂರ್ತಿಗಳು ಮೆಕ್ಯಾನಿಕ್ ಫಕೀರಪ್ಪನನ್ನು ಕರೆಸಿದರು. "ಮೀಟರ್ ಕೆಡಿಸಿದವನು ನೀನೇ. ನಿನ್ನ ವಜಾ ಆದೇಶ ನೀನೇ ಬರಿ. ನಾನು ಸಹಿ ಹಾಕ್ತೀನಿ."

ಫಕೀರಪ್ಪ ಬರೆದ: "ಸೂಜಿ ನಿಲ್ಲಲು ಕಾರಣರಾದವರು ಇಂದೇ ಹುದ್ದೆ ಬಿಡತಕ್ಕದ್ದು."

"ಹೆಸರೆಲ್ಲಿ?"

"ಕಾರಣ ಕಂಡ ಮೇಲೆ ತುಂಬ್ತೀನಿ ಸಾರ್."

ರುದ್ರಮೂರ್ತಿಗಳು ಠೀವಿಯಿಂದ ಸಹಿ ಹಾಕಿದರು.

ಫಕೀರಪ್ಪ ಅವರನ್ನು ವಿಮಾನದ ಬಳಿಗೆ ಕರೆದೊಯ್ದ. "ಮೀಟರಿಗೆ ಗಾಳಿ ಕೊಡೋ ಒಳಗಿನ ಬದಲಿ ಕಿಂಡಿಯನ್ನ ಪೈಲಟ್ ತೆರೆದಾಗ ಸೂಜಿ ಆಡಿತಂತೆ. ಅಂದರೆ ಮೀಟರ್ ಕೆಟ್ಟಿಲ್ಲ. ಅದಕ್ಕೆ ಹೊರಗಿನ ಗಾಳಿ ಮುಟ್ಟೋದು ಈ ಸಣ್ಣ ತೂತಿನಿಂದ."

ವಿಮಾನದ ಪಕ್ಕೆಯ ಆ ತೂತಿನ ಮೇಲೆ ಗಂಧ ಒಣಗಿ ಗಟ್ಟಿಯಾಗಿತ್ತು. ಅದರ ನಡುವೆ ಕುಂಕುಮವಿತ್ತು.

"ಎಷ್ಟು ಅಚ್ಚುಕಟ್ಟಾದ ಬೊಟ್ಟು! ಯಾರು ಇಟ್ಟದ್ದು ಸಾರ್?"

"ನಾನೇ. ವಿಮಾನದ ಪೂಜೆ ಬೇರೆಯವರಿಗೆ ಬಿಡ್ತೀನೇನು?"

ಫಕೀರಪ್ಪ ಪೆನ್ನು ತೆಗೆದ. "ಇನಿಷಿಯಲ್ ಸಮೇತ ಬರೀಲಾ ಸಾರ್?"

ರುದ್ರಮೂರ್ತಿಗಳು ಆದೇಶವನ್ನು ಕಿತ್ತುಕೊಂಡು ತಮ್ಮ ಜೇಬಿಗೆ ಸೇರಿಸಿದರು. ನಂತರ ತಗ್ಗಿದ ದನಿಯಲ್ಲಿ ಕೇಳಿದರು:

"ಒದ್ದೆ ಬಟ್ಟೆ ಎಲ್ಲಿದೆ?"